ತಂಗಿಯ ಮನೆಯ ವ್ಯಾಯಾಮದ ಹಲಗೆ

ಮೊದಲ ಸಲ ಆ ಹಲಗೆಯ ಮೇಲೆ ಕಾಲಿಟ್ಟಾಗಲೇ ನನಗೆ ಹೇಸಿಗೆಯಾಯಿತು. ನನಗಿಂತ ಮುಂಚೆ ಅದರ ಮೇಲೆ ಕುಣಿದಿದ್ದ ತಂಗಿಯ ಗಂಡನ ಅಂಗಾಲಿನ ಬೆವರು ಇನ್ನೂ ಆರಿರಲಿಲ್ಲ, ಅಂಟಂಟಾಗಿತ್ತು.

ತಂಗಿಯ ಮನೆ ವರ್ತೂರಿನಲ್ಲಿ, ಎಂಟನೇ ಮಹಡಿ. ಕೆರೆಯ ನಾತಕ್ಕೆ ಕಿಟಕಿ ತೆರೆಯುವ ಹಾಗಿರಲಿಲ್ಲ. ಪೀಣ್ಯದ ಹತ್ತಿರ ನಮ್ಮವರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ನಾನು ಆ ಭಾನುವಾರ ಬಸ್ಸು ಬದಲಾಯಿಸಿಕೊಂಡು ಒಬ್ಬಳೇ ಊಟಕ್ಕೆ ಹೋಗಿದ್ದೆ. ತಂಗಿಯ ಗಂಡ ವಿದೇಶದಿಂದ ಈ ಆಟ ತಂದಿದ್ದರು. ಟಿವಿ ಮುಂದೆ ನೆಲದ ಮೇಲೊಂದು ಬಿಳಿ ಹಲಗೆ. ಅದರ ಮೇಲೆ ನಿಂತು ವ್ಯಾಯಾಮ ಮಾಡಿದರೆ ಟಿವಿಯೊಳಗಿನ ಬೊಂಬೆಯೂ ಮಾಡುತ್ತದೆ.

"ಅಕ್ಕ, ಅಲ್ಲಾಡ್ಬೇಡ, ತೂಕ ನೋಡ್ತಿದೆ" ಎಂದಳು ತಂಗಿ.

ನಿಂತೆ. ನನ್ನ ಹೆಸರಿನ ಬೊಂಬೆಯ ಹೊಟ್ಟೆ ನೋಡನೋಡುತ್ತಲೇ ಪೂರಿಯ ಹಾಗೆ ಉಬ್ಬಿತು. ಯಾವುದೋ ಎಳೇ ದನಿ, ನಾನು ದಪ್ಪ ಎಂದು ಇಂಗ್ಲಿಷಿನಲ್ಲಿ ಸಂಭ್ರಮದಿಂದ ಸಾರಿತು. ಡಾಕ್ಟರು ಕೂಡ ಬಾಗಿಲು ಹಾಕಿಕೊಂಡು ಹೇಳುವ ಮಾತು ಅದು. ತಂಗಿಯ ಗಂಡ ಚಪ್ಪಾಳೆ ತಟ್ಟಿದರು. ಮರ್ಯಾದೆಗೆ ನಾನೂ ಹಲ್ಲು ಕಿರಿದೆ.

ಅಷ್ಟರಲ್ಲಿ ಮನೆಗೆಲಸದವಳು ನೆಲ ಒರೆಸುತ್ತಾ ಹಾಲಿಗೆ ಬಂದಳು. ಯಾದಗಿರಿ ಕಡೆಯವಳು, ಅವಳ ಗಂಡ ಪಕ್ಕದಲ್ಲೇ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸಕ್ಕಿದ್ದ.

"ಬಾ, ನೀನೂ ಹತ್ತು" ಎಂದರು ತಂಗಿಯ ಗಂಡ.

"ನನಗ್ಯಾಕ್ರಿ ಯಪ್ಪಾ ಅದೆಲ್ಲ!"

ಅವರು ಬಿಡಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಹೆದರುತ್ತಾ ಹತ್ತಿದಳು. ಈ ಸಲ ಬೊಂಬೆ ಕರಗಿ ಕರಗಿ ಊದಿನಕಡ್ಡಿಯಾಯಿತು.

"ಜೀರೋ ಸೈಜ್ ಕಣೇ!" ಎಂದು ಅವರು ಹೆಂಡತಿಯ ಬೆನ್ನಿಗೆ ಗುದ್ದಿ ನಕ್ಕರು. ತಂಗಿ ನಕ್ಕಳು. ನಾನಂತೂ ಇಬ್ಬರಿಗಿಂತ ಜೋರಾಗಿ ನಕ್ಕೆ. ಎಲ್ಲರ ಕಣ್ಣು ನನ್ನ ಹೊಟ್ಟೆ ಬಿಟ್ಟು ಹೋಯಿತಲ್ಲ ಎಂಬ ಖುಷಿಗೆ.

ಅವಳು ನನ್ನ ಕಡೆ ತಿರುಗಿದಳು. "ಏನಂತದರಿ ಅಕ್ಕಾ ಅದು?"

"ನಿನ್ನ ತೂಕ ಕಮ್ಮಿ ಇದೆಯಂತೆ. ಚೆನ್ನಾಗಿ ತಿನ್ನಬೇಕಂತೆ."

"ಹೌದ್ರಿ? ಹಂಗಾದ್ರ ಅದಕ್ಕ ಹೇಳ್ರಿ, ಇದು ಮೂರನೇ ಮನಿ, ಮುಂಜಾನಿಂದ ಒಂದು ಕಪ್ ಚಾ ಸುದ್ದಾ ಕುಡಿದಿಲ್ಲಂತ."

ಅವಳು ಚುಚ್ಚಿ ಹೇಳಲಿಲ್ಲ. ನಾನಂದದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ನಗು ನಿಂತಿತು. "ಟೀ ಕೊಡ್ತೀನಿ, ಮೊದ್ಲು ರೂಮು ಒರೆಸ್ಬಿಡು" ಎಂದಳು ತಂಗಿ. ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅವಳು ಮರೆಯಾದದ್ದೇ ತಂಗಿ ಒದ್ದೆ ಟಿಶ್ಯೂ ಕಿತ್ತು ಹಲಗೆಯನ್ನು ತಿಕ್ಕತೊಡಗಿದಳು. ಸಾಲದೆಂದು ಇನ್ನೊಂದು ಕಿತ್ತಳು. ಗಂಡನ ಬೆವರನ್ನು ಒರೆಸಿರಲಿಲ್ಲ, ನಾನು ಇಳಿದ ಮೇಲೂ ಒರೆಸಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು "ಒದ್ದೆ ಕಾಲು, ಅದಕ್ಕೆ" ಎಂದಳು. ನಾನೇನೂ ಕೇಳಿರಲಿಲ್ಲ.

"ಒದ್ದೆ ಕಾಲಲ್ಲಿ ಹತ್ತಿಸಿದ್ದು ಯಾರು?" ಅನ್ನಬಹುದಿತ್ತು. ಅನ್ನಲಿಲ್ಲ. ಪಲಾವು ಬಡಿಸಿದರು, ಎರಡನೇ ಸಲ ಹಾಕಿಸಿಕೊಂಡು ಉಂಡೆ. ಒಳಗಿನವಳಿಗೆ ಟೀ ಸಿಕ್ಕಿತೋ ಇಲ್ಲವೋ, ಎದ್ದು ನೋಡಲಿಲ್ಲ.

ಸಂಜೆ ಮನೆಯಲ್ಲಿ ನಮ್ಮವರು ಆ ಆಟ ಹೇಗಿತ್ತು ಎಂದು ಕೇಳಿದರು. ನನ್ನ ಬೊಂಬೆ ಉಬ್ಬಿದ ಕಥೆಯನ್ನು ಅಭಿನಯಿಸಿ ತೋರಿಸಿದೆ. ಅವರು ನಕ್ಕೂ ನಕ್ಕೂ ಸುಸ್ತಾದರು. ಉಳಿದದ್ದನ್ನು ಹೇಳಲಿಲ್ಲ.