ಗಂಗಮ್ಮ ತವರಿಗೆ ಹೋಗಿದ್ದಾಳೆ

ಗೆಳೆಯರೇ, ನಮ್ಮ ಬುಕ್ಕಸಾಗರದಲ್ಲಿ ಸೋರಿಕೆಗೂ ಅರಿಶಿನ ಕುಂಕುಮ ಹಚ್ಚುತ್ತಾರೆ. ವಿಜಯನಗರದ ಕಾಲದ ಕಾಲುವೆಯ ಕಲ್ಲುಗೋಡೆ ನಮ್ಮ ಮನೆಯ ಹಿಂದೆಯೇ ಬಿರುಕು ಬಿಟ್ಟು ವರ್ಷಗಳಾದವು. ಅಲ್ಲಿ ಜಿನುಗುವ ನೀರನ್ನು ಊರವರು ಗಂಗಮ್ಮನೆಂದು ಪೂಜಿಸುತ್ತಾರೆ.

ಡ್ಯಾಂ ಬಂದು ಎರಡು ಬೆಳೆ ಭತ್ತ ಶುರುವಾದಾಗಿನಿಂದ ಕಾಲುವೆ ಬಂದ್ ಆಗುವುದೇ ಅಪರೂಪ. ಈಗ ಆಗಿದೆ. ಇವತ್ತು ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಗೌಂಡಿಗಳನ್ನೂ ಸಿಮೆಂಟನ್ನೂ ತಂದರು. ಪಕ್ಕದ ಮನೆಯ ಹುಲಿಗೆಮ್ಮಕ್ಕ ಬಿರುಕಿಗೆ ಅಡ್ಡ ನಿಂತಳು.

"ಗಂಗಮ್ಮನ ಬಾಯಿಗೆ ಸಿಮೆಂಟ್ ತುಂಬತೀರೇನ್ರಿ?"

ನಾನೇ ಹೇಳಿದೆ, "ಅಕ್ಕಾ, ಕಾಲುವಿ ಬಂದ್ ಆದ ಕೂಡ್ಲೆ ಇದೂ ಬತ್ತಿ ಹೋಗೈತಿ ನೋಡು. ಇದು ಕಾಲುವಿ ನೀರು. ಹಿಂಗ ಬಿಟ್ರ ಗ್ವಾಡಿ ಬೀಳತೈತಿ."

"ಆಕಿ ತವರಿಗೆ ಹೋಗ್ಯಾಳ. ನೀರು ಬಿಟ್ಟ ದಿನ ಬರ್ತಾಳ."

ಸೇರಿದ ಜನ ಹೌದೌದೆಂದು ತಲೆಯಾಡಿಸಿದರು. ಸಾಹೇಬರು ಬೂಟು ಕಳಚಿದರು. ಗೋಡೆ ನೋಡಲು ಇಳಿಯುತ್ತಾರೆ ಅಂದುಕೊಂಡೆ. ಅವರು ಬಿರುಕಿಗೆ ಕೈಮುಗಿದು, "ದೇವರ ಉಸಾಬರಿ ನನಗ ಬ್ಯಾಡ್ರಿ" ಎಂದು ಜೀಪು ಹತ್ತಿದರು.

ನಾಳೆ ನೀರು ಬಿಡುತ್ತಾರೆ. ಈ ಸಲ ಗಂಗಮ್ಮ ಗೋಡೆ ಸಮೇತ ಬಂದರೆ ಮೊದಲು ಸಿಗುವುದು ನಮ್ಮ ಮನೆ. ನನ್ನ ಹೆಂಡತಿ ಆಗಲೇ ಆರತಿ ತಟ್ಟೆ ತೊಳೆದಿಟ್ಟಿದ್ದಾಳೆ.