ಹನುಮವ್ವನ ಜೋಳ ಮತ್ತು ನನ್ನ ಲೆಕ್ಕ

ಮುಂಜಾನೆ ಎದ್ದು ಹಲ್ಲುಜ್ಜುವ ಮೊದಲೇ ನಾನು ಫೋನಿನಲ್ಲಿ ನನ್ನ ಹೆಸರನ್ನು ಹುಡುಕುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಚಟ ಬಿಟ್ಟಿಲ್ಲ. ನನ್ನ ಸಂಶೋಧನೆಯನ್ನು ಜಗತ್ತಿನ ಯಾವುದಾದರೂ ಮೂಲೆಯ ಪುಣ್ಯಾತ್ಮ ತನ್ನ ಬರಹದಲ್ಲಿ ಹೆಸರಿಸಿದ್ದಾನೆಯೇ ಎಂದು ನೋಡುವುದು. ಇದಕ್ಕೆ ಉಲ್ಲೇಖ ಎನ್ನುತ್ತಾರೆ. ನಮ್ಮಂಥವರನ್ನು ಅಳೆಯುವ ಕೋಲು ಅದರ ಎಣಿಕೆಯೇ. ಗಂಗಾವತಿಯ ಉಳಿದ ಜನ ಮಳೆಗಾಲದಲ್ಲಿ ಪೇಪರು ಬಿಡಿಸಿ ಮುನಿರಾಬಾದಿನ ಡ್ಯಾಮಿಗೆ ಎಷ್ಟು ನೀರು ಬಂತೆಂದು ನೋಡುತ್ತಾರೆ. ಡ್ಯಾಮು ಆಗಾಗ ತುಂಬುವುದಾದರೂ ಉಂಟು.

“ಇವತ್ತರ ಏರೈತೇನ್ರಿ?” ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಾಳೆ.

“ಇಲ್ಲ.”

“ಹಂಗಾರ ಚಾ ಕುಡೀರಿ, ಆರಾಕ ಹತ್ತೈತಿ.”

ನಾನು ಇಲ್ಲಿಯ ಕಾಲೇಜಿಗೆ ಅಧ್ಯಾಪಕನಾಗಿ ಸೇರಿದ್ದು ಕೊಪ್ಪಳ ಜಿಲ್ಲೆಯಾದ ವರ್ಷ. ಜಿಲ್ಲೆಗೆ ಕಚೇರಿಗಳು ಬಂದವು, ರಸ್ತೆಗಳು ಬಂದವು. ನನಗೆ ಒಂದು ಸೂಕ್ಷ್ಮದರ್ಶಕ ಮತ್ತು ಬೆನ್ನುನೋವು ಬಂದವು. ನೀರಿಲ್ಲದೆ ಒಣಗುವ ಜೋಳದ ಎಲೆಯೊಳಗಿನ ಜೀವಕೋಶಗಳು ಹೇಗೆ ಹಟ ಹಿಡಿದು ಹಸಿರಾಗಿ ಉಳಿಯುತ್ತವೆ ಎಂಬುದು ನನ್ನ ವಿಷಯ. ಅದರ ಮೇಲೆ ಹದಿನೈದು ಪ್ರಬಂಧ ಬರೆದೆ. ಒಮ್ಮೆ ಉಲ್ಲೇಖ ಒಂದು ಏರಿತೆಂದು ಪೇಡೆ ತಂದು ಓಣಿಗೆಲ್ಲ ಹಂಚಿದೆ. ಆಮೇಲೆ ಬಿಚ್ಚಿ ನೋಡಿದರೆ ಅದು ನನ್ನದೇ ಹೊಸ ಪ್ರಬಂಧ. ನನ್ನನ್ನು ನಾನೇ ಹೆಸರಿಸಿಕೊಂಡಿದ್ದೆ.

ಕಳೆದ ವರ್ಷ ನನಗೆ ಪ್ರಾಧ್ಯಾಪಕನಾಗುವ ಕೊನೆಯ ಅವಕಾಶವಿತ್ತು. ಮುಂದಿನ ಸಲದ ಹೊತ್ತಿಗೆ ನಿವೃತ್ತನಾಗಿರುತ್ತೇನೆ. ಅರ್ಜಿಗೆ ಇನ್ನೊಂದು ಪ್ರಬಂಧ ಬೇಕಾಗಿತ್ತು. ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಪತ್ರಿಕೆಯವರು ಒಂದೇ ಪ್ರಶ್ನೆ ಕೇಳಿದರು: ಈ ಜೋಳದ ಬೀಜ ಎಲ್ಲಿಯದು? ನಾನು ಹಿಂದಿನ ಎಲ್ಲ ಪ್ರಬಂಧಗಳಲ್ಲೂ ‘ಯಲಬುರ್ಗಾ ಭಾಗದ ಸ್ಥಳೀಯ ತಳಿ’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಅದೇನೋ ರಸ್ತೆ ಬದಿಯಲ್ಲಿ ತಾನಾಗಿ ಬೆಳೆದು ನನ್ನ ಚೀಲಕ್ಕೆ ಬಿದ್ದಂತೆ.

ಬೀಜ ಕೊಟ್ಟವಳು ಯಲಬುರ್ಗಾ ಸಮೀಪದ ಹಳ್ಳಿಯ ಹನುಮವ್ವ. ನಾನು ಮೊದಲು ಹೋದಾಗ ಒಂದು ಸೇರು ಅಳೆದು ಚೀಲಕ್ಕೆ ಸುರಿದಿದ್ದಳು. ಕೆಲವು ವರ್ಷಗಳ ಮೇಲೆ ಅವಳ ಗಡಿಗೆಯ ಬೀಜಕ್ಕೆ ಹುಳ ಹತ್ತಿತೆಂದು ತಿಳಿದು, ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಉಳಿದಿದ್ದ ಅರ್ಧ ಸೇರನ್ನು ಒಯ್ದು ಕೊಟ್ಟಿದ್ದೆ. ಕೊಟ್ಟದ್ದನ್ನು ಮರೆತೂ ಬಿಟ್ಟಿದ್ದೆ.

ಪತ್ರಿಕೆಯ ಪ್ರಶ್ನೆ ಹಿಡಿದು ಮತ್ತೆ ಅವಳ ಮನೆಗೆ ಹೋದಾಗ ನೆರೆಯ ಹೆಣ್ಣುಮಗಳೊಬ್ಬಳು ಬೀಜಕ್ಕೆಂದು ಉಡಿಯೊಡ್ಡಿ ನಿಂತಿದ್ದಳು. ಬೀಜ ಯಾರಿಂದ ಬಂತೆಂದು ಹೇಳದೆ ಉಡಿಗೆ ಹಾಕುವ ರೂಢಿ ಆ ಓಣಿಯಲ್ಲಿಲ್ಲ. ಹನುಮವ್ವ ಬೊಗಸೆ ಎತ್ತಿಕೊಂಡೇ ಹೇಳಿದಳು:

“ನೋಡವಾ, ಇದು ಕುಷ್ಟಗಿಯಾಗಿನ ನಮ್ಮತ್ತಿ ತಂಗಿ ಗಂಗವ್ವ ಕೊಟ್ಟಿದ್ದು. ನಡುವ ನನ್ನ ಗಡಿಗ್ಯಾಗ ಹುಳ ಹತ್ತಿ ಹಾಳಾತು. ಇಲ್ಲಿ ನಿಂತಾರಲ್ಲ, ಈ ಗಂಗಾವತಿ ಸರ ಜ್ವಾಪಾನ ಮಾಡಿ ತಿರುಗಿ ತಂದು ಕೊಟ್ರು. ಯಾರರ ಕೇಳಿದ್ರ ಇಬ್ಬರ ಹೆಸರೂ ಹೇಳಬೇಕು ಮತ್ತ.”

“ಹೂನವಾ, ಹೇಳ್ತೀನಿ,” ಎಂದು ಆಕೆ ಉಡಿ ಕಟ್ಟಿಕೊಂಡು ಹೋದಳು.

ಹನುಮವ್ವ ನನ್ನ ಕಡೆ ತಿರುಗಿ, “ನೀವೂ ಬರದೀರಲ್ರಿ ಸರ, ಗಂಗವ್ವನ ಹೆಸರ? ಪಾಪ, ಹೋಗಿಬಿಟ್ಟಾಳ ಆಕಿ,” ಎಂದಳು. ತನ್ನ ಹೆಸರಿನ ಮಾತನ್ನೇ ಎತ್ತಲಿಲ್ಲ. ನನಗೆ ಆ ಕ್ಷಣ ಎಲ್ಲಿಯಾದರೂ ಓಡಿಹೋಗಬೇಕೆನಿಸಿತು. ಪರರ ಬಾಯಲ್ಲಿ ನನ್ನ ಹೆಸರಿಗಾಗಿ ಇಷ್ಟು ವರ್ಷ ಕಾದವನು ನಾನು, ಎರಡು ಹೆಸರು ಬರೆಯುವಷ್ಟು ಶಾಯಿ ಖರ್ಚು ಮಾಡಿರಲಿಲ್ಲ.

“ಬರದಿಲ್ಲವಾ. ತಪ್ಪಾತು, ಬರೀತೀನಿ,” ಎಂದೆ.

ಹೊಸ ಪ್ರಬಂಧದಲ್ಲಿ ಗಂಗವ್ವ, ಹನುಮವ್ವ ಇಬ್ಬರ ಹೆಸರೂ ಹಾಕಿದೆ. ಹಳೆಯವಕ್ಕೂ ತಿದ್ದುಪಡಿ ಅಚ್ಚು ಮಾಡಿರೆಂದು ಪತ್ರಿಕೆಗಳಿಗೆಲ್ಲ ಕಾಗದ ಬರೆಯುತ್ತ ಕೂತೆ. ತಿದ್ದುಪಡಿಗಳಿಗೆ ಬಡ್ತಿಯ ಅಂಕವಿಲ್ಲ ಎಂದು ಕಾಲೇಜಿನ ಗೆಳೆಯರು ನಕ್ಕರು. ಕೆಲವು ತಿಂಗಳಾದ ಮೇಲೆ ಬಡ್ತಿಯ ಸಮಿತಿಯಿಂದ ಉತ್ತರ ಬಂತು: ಉಲ್ಲೇಖಗಳು ಸಾಲವು. ಓದಿದೆ, ಮಡಚಿಟ್ಟೆ. ಬೇಜಾರಾಯಿತು, ಆಗಲಿಲ್ಲವೆಂದರೆ ಸುಳ್ಳು.

ಮರುದಿನ ಮುಂಜಾನೆ ಫೋನು ಮುಟ್ಟದೆ ಕೂತಿದ್ದೆ.

“ಇವತ್ತರ ಏರೈತೇನ್ರಿ?”

“ಒಂದು ಏರೈತಿ.”

ಹೆಂಡತಿ ಚಹಾದ ಕಪ್ಪು ಹಿಡಿದು ಹೊರಗೇ ಬಂದಳು. “ಹೌದಾ? ಯಾರು ಬರದಾರ್ರಿ?”

“ಬರದಿಲ್ಲ, ಹನುಮವ್ವ ಬಾಯಿಲೆ ಹೇಳ್ಯಾಳ,” ಎಂದೆ. “ಬರಿಯಾಕ ಬರೂದಿಲ್ಲ ಆಕಿಗೆ.”