ಕೋದಂಡರಾಮಪ್ಪನ ಕಡಲ ಕಾನೂನು

ಕೋಲಾರದ ಕೋರ್ಟಿನ ಅಂಗಳದಲ್ಲಿ ಹುಣಸೆಮರದ ಕೆಳಗೆ ಕೂರುತ್ತಿದ್ದ ವಕೀಲರಿಗೆ ಕೋದಂಡರಾಮಪ್ಪನೆಂದರೆ ಒಂದು ತಮಾಷೆ. ಎತ್ತಿನ ಗಾಡಿ ಮತ್ತು ಸಣ್ಣ ರೈಲು ಬಿಟ್ಟರೆ ಬೇರೆ ವಾಹನದ ಗೊಡವೆಯಿಲ್ಲದ ಸೀಮೆಯಲ್ಲಿ ಹುಟ್ಟಿ, ಅವನು ಹಡಗಿನ ಕಾನೂನಿನ ಮೇಲೆ ಡಾಕ್ಟರ್ ಪದವಿಗೆಂದು ಪ್ರಬಂಧ ಬರೆಯುತ್ತಿದ್ದ. “ನಿಮ್ಮ ಹಡಗು ಎಲ್ಲಿ ನಿಲ್ಲುತ್ತೆ ಸ್ವಾಮಿ, ಕೋಲಾರಮ್ಮನ ಕೆರೇಲೋ?” ಎಂದು ಯಾರಾದರೂ ಕೇಳಿದರೆ ಉಳಿದವರು ನಗುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕು ಮುಗಿದ ಮೇಲೆ, ತಾನು ಕೈ ಹಾಕಿದ್ದು ತನ್ನ ಯೋಗ್ಯತೆಗೆ ಮೀರಿದ ಕೆಲಸವೇನೋ ಎಂದು ಸಂಜೆಯವರೆಗೂ ಕೊರಗುತ್ತಿದ್ದ.

ಕೊರಗು ಅವನಿಗೆ ಹುಟ್ಟುಗುಣ. ಕೊಡೆ ತೆಗೆದುಕೊಂಡು ಹೊರಟರೆ ಕನ್ನಡಕ ಮರೆತೆನೆಂದು ತಿರುಗಿ ಬರುವನು. ಕನ್ನಡಕ ಸಿಕ್ಕಿದರೆ ಕಾಗದದ ಕಟ್ಟು ಬಿಟ್ಟೆನೆಂದು ಮತ್ತೆ ಬರುವನು. ಹೆಂಡತಿ ಭಾರತಮ್ಮ ಇದನ್ನು ಬಲ್ಲವಳಾದ್ದರಿಂದ, ಅವನು ಬೀದಿಯ ಮೂಲೆ ತಿರುಗಿದ ಮೇಲೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿರುತ್ತಿದ್ದಳು.

ಅವನ ಹುಟ್ಟೂರು ಚಿಂತಮಾನುಪಲ್ಲಿ. ಶ್ರೀನಿವಾಸಪುರದಲ್ಲಿ ಸಣ್ಣ ರೈಲಿಳಿದು ಮುಳಬಾಗಿಲಿನ ಕಡೆಗೆ ಒಳದಾರಿ ಹಿಡಿದರೆ ಸಿಗುವ ಹಳ್ಳಿ. ತಂದೆ ಬೇಗ ತೀರಿಕೊಂಡದ್ದರಿಂದ ಅಣ್ಣ ಮುನಿರಾಮಪ್ಪ ತಾನು ನೇಗಿಲು ಹಿಡಿದು, ತಮ್ಮನನ್ನು ಓದಿಗೆ ಬಿಟ್ಟಿದ್ದ. ಊರ ಮುಂದೆ ಕೆರೆ, ಕೆರೆಯ ಕೆಳಗೆ ಎಲ್ಲರ ಭತ್ತದ ಗದ್ದೆಗಳು. ಅಣ್ಣನ ಗದ್ದೆ ಮಾತ್ರ ಒಂದು ಪಕ್ಕಕ್ಕೆ, ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಬುಡದಲ್ಲೇ ಇತ್ತು.

ಮದರಾಸಿನಲ್ಲಿ ಕಾನೂನು ಓದುವಾಗ ಕೋದಂಡರಾಮಪ್ಪನು ಪುಸ್ತಕವೊಂದರಲ್ಲಿ ಕಡಲಿನವರ ಹಳೆಯ ನ್ಯಾಯವೊಂದನ್ನು ಕಂಡಿದ್ದ. ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವ ಹಾಗಾದಾಗ, ಭಾರ ಇಳಿಸಲೆಂದು ಹಡಗಿನ ಯಜಮಾನನು ಯಾರೋ ಒಬ್ಬ ವರ್ತಕನ ಸರಕನ್ನು ನೀರಿಗೆ ಎಸೆಯಿಸುತ್ತಾನೆ. ಹಡಗು ದಡ ಸೇರುತ್ತದೆ. ಆಗ ಕಳೆದುಕೊಂಡವನ ನಷ್ಟವನ್ನು ಉಳಿಸಿಕೊಂಡವರೆಲ್ಲ ಸೇರಿ ತುಂಬಿಕೊಡಬೇಕು. ಇದನ್ನು ಓದುತ್ತಿದ್ದ ಹಾಗೆಯೇ ಅವನಿಗೆ ಊರ ಕೆರೆ ನೆನಪಾಯಿತು. ಏರಿ ಒಡೆಯುವ ಹಾಗಾದರೆ ಕೋಡಿಯ ಪಕ್ಕದಲ್ಲಿ ಕಡಿದು ನೀರು ಬಿಡಬೇಕು. ಆ ನೀರಿಗೆ ಯಾರ ಬೆಳೆ ಹೋಗುತ್ತದೋ ಅವನಿಗೆ ಊರವರೆಲ್ಲ ತಮ್ಮ ರಾಶಿಯಿಂದ ಭತ್ತ ಅಳೆದುಕೊಡಬೇಕು. ಹಿರಿಯರು ಹೀಗೆ ಹೇಳುವುದನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. ಇದೇ ಅವನ ಪ್ರಬಂಧದ ಕೊನೆಯ ಅಧ್ಯಾಯವಾಯಿತು.

ಮದರಾಸಿನ ಪ್ರೊಫೆಸರರು ಮೊದಲಿನ ಅಧ್ಯಾಯಗಳನ್ನು ಓದಿ, ಇವೆಲ್ಲ ಇಂಗ್ಲಿಷರು ಬರೆದು ಮುಗಿಸಿದ ಸಂಗತಿಗಳೆಂದು ಪಕ್ಕಕ್ಕಿಟ್ಟರು. ಕೊನೆಯದನ್ನು ಎರಡು ಬಾರಿ ಓದಿದರು. ಪದವಿ ಬಂದರೆ ಇದರಿಂದಲೇ ಬರಬೇಕು ಎಂದರು. ಆಮೇಲೆ ಕನ್ನಡಕ ತೆಗೆದು ಒಂದು ಪ್ರಶ್ನೆ ಕೇಳಿದರು: ಇದು ನಿಮ್ಮ ಊರಿನಲ್ಲಿ ನಡೆದದ್ದೋ, ಅಥವಾ ನಡೆಯಬೇಕೆಂದು ಜನ ಹೇಳಿಕೊಂಡು ಬಂದದ್ದೋ?

ಕೋದಂಡರಾಮಪ್ಪನಿಗೆ ಉತ್ತರ ಬರಲಿಲ್ಲ. ಬೌರಿಂಗ್‌ಪೇಟೆಯವರೆಗೂ ರೈಲಿನ ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸಿದ. ಊರಿಗೆ ಹೋಗಿ ವಿಚಾರಿಸಿದರೆ ಪ್ರತಿಯೊಬ್ಬರೂ ತಮ್ಮ ಅಪ್ಪ ಹೇಳಿದ್ದರೆಂದರು, ತಾತ ಹೇಳಿದ್ದರೆಂದರು. ಕಣ್ಣಾರೆ ಕಂಡವರು ಒಬ್ಬರೂ ಸಿಗಲಿಲ್ಲ. ಬದುಕಿರುವವರ ಕಾಲದಲ್ಲಿ ಕೆರೆ ಅಷ್ಟು ತುಂಬಿಯೇ ಇರಲಿಲ್ಲ.

ಆ ವರ್ಷ ತುಂಬಿತು. ಯುದ್ಧದ ನಡುವಿನ ಒಂದು ವರ್ಷ ಅದು. ದೀಪಾವಳಿಗೆ ಅವನು ಊರಲ್ಲಿದ್ದಾಗ ಹಿಡಿದ ಮಳೆ ಬಿಡಲೇ ಇಲ್ಲ. ಹಬ್ಬದ ಮಾರನೆಯ ಮಧ್ಯಾಹ್ನ ನೀರಗಂಟಿ ಮುನಿಯಲ್ಲಪ್ಪ ಬಂದು, ಏರಿಯ ನಡುವೆ ಕೆಂಪು ನೀರು ಜಿನುಗುತ್ತಿದೆ ಎಂದು ಕೂಗಿದ. ಕೆರೆಯ ತೂಬು, ಕಾಲುವೆಗಳನ್ನು ನೋಡಿಕೊಳ್ಳುವವನು ಅವನು. ಅವನ ಮಾತಿಗೆ ಎರಡು ಮಾತಿಲ್ಲ. ಊರೇ ಏರಿಯ ಮೇಲೆ ನೆರೆಯಿತು. ಮಣ್ಣಿನ ಮೂಟೆ ಒತ್ತಿದರು, ಸೊಪ್ಪುಸದೆ ತುರುಕಿದರು. ಜಿನುಗು ನಿಲ್ಲಲಿಲ್ಲ.

ಪಟೇಲ ಗಂಗುಲಪ್ಪ ಕಂಬಳಿ ಕೊಪ್ಪೆಯೊಳಗಿಂದ ಮುನಿರಾಮಪ್ಪನ ಮುಖ ನೋಡಿದ. ಆಮೇಲೆ ಕೋಡಿಯ ಕಡೆ ನೋಡಿದ. ಕೋಡಿಯ ಬುಡದ ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚಿ, ತೆನೆ ಹೊರಗಿಟ್ಟು ನಿಂತಿತ್ತು.

ಮುನಿರಾಮಪ್ಪ ಮಳೆಯಲ್ಲೇ ತಮ್ಮನ ಹತ್ತಿರ ಬಂದ. ಗುದ್ದಲಿ ಅವನ ಕೈಯಲ್ಲೇ ಇತ್ತು.

“ಕೋದಂಡ, ನೀನು ಪುಸ್ತಕದಾಗೆ ಬರ್ದಿದ್ದೀಯಲ್ಲ, ಗದ್ದೆ ಬಿಟ್ಟೋನಿಗೆ ಊರೋರು ತುಂಬ್ಕೊಡ್ತಾರೆ ಅಂತ. ಅದು ನಿಜಾನಾ?”

ಪ್ರೊಫೆಸರರ ಪ್ರಶ್ನೆಯೇ ಅಣ್ಣನ ಬಾಯಲ್ಲಿ ಬಂದಿತ್ತು. ಮದರಾಸಿನಲ್ಲಿ ಸುಮ್ಮನಿದ್ದರೆ ನಡೆದಿತ್ತು. ಇಲ್ಲಿ ನಡೆಯುವ ಹಾಗಿರಲಿಲ್ಲ. ನಿಜವೆಂದು ಹೇಳಿ ಅದು ಸುಳ್ಳಾದರೆ ಅಣ್ಣನ ಮನೆಯವರು ಇಡೀ ವರ್ಷ ಯಾರ ಮುಖ ನೋಡಬೇಕು? ಸುಳ್ಳೆಂದರೆ ಏರಿ ಒಡೆದು ಊರೇ ಹೋಗುತ್ತದೆ.

“ಗೊತ್ತಿಲ್ಲ ಅಣ್ಣಯ್ಯ. ಎಲ್ಲಾರೂ ಹೇಳಿದ್ನ ಬರ್ಕೊಂಡೆ, ಅಷ್ಟೇ.”

ಮುನಿರಾಮಪ್ಪ ತಲೆಯಾಡಿಸಿದ. ಆಮೇಲೆ ಕೋಡಿಯ ಕಡೆಗೆ ನಡೆದು, ಬೇರೆ ಯಾರೂ ಕೈಹಚ್ಚುವ ಮೊದಲು ತಾನೇ ಗುದ್ದಲಿ ಎತ್ತಿ ಹಾಕಿದ. ನೀರು ನುಗ್ಗಿದ ರಭಸಕ್ಕೆ ಗದ್ದೆ ಎಲ್ಲಿತ್ತೆಂಬುದೇ ತಿಳಿಯದಾಯಿತು. ಸಂಜೆಯ ಹೊತ್ತಿಗೆ ಏರಿಯ ಜಿನುಗು ನಿಂತಿತು.

ಕೋಲಾರಕ್ಕೆ ಹಿಂದಿರುಗಿದ ಕೋದಂಡರಾಮಪ್ಪನಿಗೆ ಅನ್ನ ಸೇರದಾಯಿತು. ಕಕ್ಷಿಗಾರ ಮಾತಾಡುತ್ತಿದ್ದರೆ ಇವನು ಕಿಟಕಿಯಾಚೆ ನೋಡುತ್ತಿದ್ದ. ಕೊನೆಯ ಅಧ್ಯಾಯವನ್ನು ಹೊರತೆಗೆಯುವುದು, ಒಂದು ಸಾಲು ಹೊಡೆಯುವುದು, ಮತ್ತೆ ಬರೆಯುವುದು, ಕಟ್ಟಿಡುವುದು. ಸಂಕ್ರಾಂತಿಯ ನಂತರ ಪ್ರಬಂಧ ಮದರಾಸು ಸೇರಬೇಕೆಂದು ಪ್ರೊಫೆಸರರು ಬರೆದಿದ್ದರು. ಆದರೆ ಈಗ ಅವನನ್ನು ಕಾಡುತ್ತಿದ್ದ ಪ್ರಶ್ನೆ ಪದವಿಯದಲ್ಲ, ಅಣ್ಣನ ಕಣಜದ್ದು. ಸಾಲದೆಂಬಂತೆ ಸರ್ಕಾರದವರು ಯುದ್ಧಕಾಲದ ಧಾನ್ಯ ವಸೂಲಿಗೆಂದು ಹಳ್ಳಿಹಳ್ಳಿ ತಿರುಗುತ್ತಿದ್ದರು. ಇದ್ದವರೇ ಇಲ್ಲವೆನ್ನುವ ಕಾಲದಲ್ಲಿ ಯಾರು ಯಾರಿಗೆ ಕೊಡುತ್ತಾರೆ?

ಭಾರತಮ್ಮ ಒಂದು ದಿನ, ಇಲ್ಲಿ ಕೂತು ಕೊರಗುವುದಕ್ಕಿಂತ ಅಲ್ಲಿ ಹೋಗಿ ಕೊರಗುವುದು ಮೇಲೆಂದು ಹೇಳಿ, ಅವನ ಕೈಗೆ ಚೀಲ ಕೊಟ್ಟಳು.

ಅವನು ಊರು ಸೇರುವ ವೇಳೆಗೆ ಕೊಯ್ಲು ಮುಗಿದು ಕಣಗಳಲ್ಲಿ ಬಡಿತ ನಡೆದಿತ್ತು. ತೂರಿದ ಭತ್ತ ರಾಶಿರಾಶಿಯಾಗಿ ಬಿದ್ದಿತ್ತು. ಅಣ್ಣನ ಮನೆಯ ಕಣ ಮಾತ್ರ ಸಾರಿಸದೆ ಬಿರುಕು ಬಿಟ್ಟಿತ್ತು. ತಾಯಿ ಆಂಜಿನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಬ್ಬರೂ ಬರಲಿಲ್ಲ ಕಣೋ ಎಂದಳು. ಬಾವಿಯ ಹತ್ತಿರ ಹೆಂಗಸರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಗಂಗುಲಪ್ಪ ಎದುರಾದರೆ ಬೇರೆ ದಾರಿ ಹಿಡಿಯುತ್ತಾನೆ. ಮುನಿರಾಮಪ್ಪ ಬಾಯಿಯೇ ಬಿಡುವುದಿಲ್ಲ. ಬೇಡುವುದಕ್ಕೆ ಹೋಗುವ ವಂಶ ನಮ್ಮದಲ್ಲ ಎಂದು ಒಮ್ಮೆ ಹೇಳಿದವನು ಮತ್ತೆ ಆ ಮಾತೆತ್ತಲಿಲ್ಲ.

ಕೋದಂಡರಾಮಪ್ಪ ಕೈಕಾಲು ತೊಳೆಯದೆ ಎದ್ದ. ಗಂಗುಲಪ್ಪನ ಮುಂದೆ ನಿಂತು, ಇಲ್ಲವೆಂಬುದನ್ನಾದರೂ ಅವನ ಬಾಯಿಂದ ಕೇಳಿಬಿಡಬೇಕು, ಆಮೇಲೆ ಅಧ್ಯಾಯ ಹರಿದುಹಾಕಿ ಅಣ್ಣನ ಕಾಲು ಹಿಡಿಯಬೇಕು ಎಂದುಕೊಂಡ. ಪಟೇಲನ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತ.

ಗಂಗುಲಪ್ಪ ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ದೊಡ್ಡ ರಾಶಿಯ ಬದಿಯಲ್ಲಿ ಇನ್ನೊಂದು ಚಿಕ್ಕ ಗುಡ್ಡೆ, ಅದರ ಸುತ್ತ ಬೂದಿಯ ಗೆರೆ. ಅವನು ಇವನನ್ನು ಅಡಿಯಿಂದ ಮುಡಿಯವರೆಗೂ ನೋಡಿ, ಬೆನ್ನ ಹಿಂದೆಯೂ ಇಣುಕಿದ.

“ಏಮಪ್ಪಾ ಲಾಯರು, ಬಂದ್ಯಾ? ಕೊಳಗ ಎಲ್ಲಿ?”

“ಯಾವ ಕೊಳಗ ಮಾವ?”

“ನಿಮ್ಮನೇ ಕೊಳಗ. ಬರೀ ಕೈಲಿ ಬಂದವ್ನೆ, ನೋಡು. ನಮ್ಮ ಕೊಳಗದಲ್ಲಿ ನಾವು ಅಳೆದು ನಿಮ್ಮನೇಗೆ ಹೊತ್ತು ಹಾಕಿದ್ರೆ ಅದು ದಾನ ಆಗಲ್ವೇನೋ? ನಿಮ್ಮಣ್ಣ ಸುಮ್ನೆ ಬಿಡ್ತಾನಾ? ಕಳಕೊಂಡೋನು ತನ್ನ ಕೊಳಗ ತರ್ಬೇಕು. ಅದ್ರಲ್ಲಿ ಅಳೆದ್ರೇನೇ ಅದು ಅವನ ಭತ್ತ.”

ಊರವರು ಕೊಡುತ್ತಾರೋ ಇಲ್ಲವೋ ಎಂದು ಅವನು ಎಲ್ಲರನ್ನೂ ಕೇಳಿದ್ದ. ಯಾರು ಯಾರ ಬಾಗಿಲಿಗೆ ಹೋಗಬೇಕೆಂದು ಒಬ್ಬರನ್ನೂ ಕೇಳಿರಲಿಲ್ಲ.

ಗಂಗುಲಪ್ಪನ ದನಿ ಇಳಿಯಿತು. ಅವನೂ ಇಷ್ಟು ದಿನ ನಿದ್ದೆಗೆಟ್ಟಿದ್ದನಂತೆ. ಅವನ ಅಪ್ಪ ಹೇಳಿದ್ದು ಹೀಗೆಯೋ ಅಲ್ಲವೋ ಎಂಬ ಅನುಮಾನ ಅವನಿಗೂ ಇತ್ತು, ನಡೆಸಿ ನೋಡಿದವನಲ್ಲ. ಮುನಿರಾಮಪ್ಪ ಊರ ಮೇಲೆ ಕೋಪ ಮಾಡಿಕೊಂಡು ಬರುತ್ತಿಲ್ಲವೆಂದು ತಿಳಿದು, ಎದುರಾಗುವುದಕ್ಕೂ ಅಂಜಿ ದಾರಿ ತಪ್ಪಿಸಿಕೊಂಡು ತಿರುಗುತ್ತಿದ್ದ.

“ಗುಬ್ಬಿಗಳಿಗೆ ಊಟ ಹಾಕ್ತಾ ಕೂತಿದ್ದೀನಿ ಕಣಪ್ಪ,” ಎಂದು ಮುನಿರಾಮಪ್ಪನಿಗೆಂದು ತೆಗೆದಿಟ್ಟ ಚಿಕ್ಕ ಗುಡ್ಡೆ ತೋರಿಸಿದ. “ವಸೂಲಿಯೋರು ಇನ್ನೇನು ಬರ್ತಾರೆ. ಬೇಗ ಕರ್ಕೊಂಡು ಬಾ.”

ಕೋದಂಡರಾಮಪ್ಪ ಓಡಿದ. ಕೋಟು ತೊಟ್ಟ ವಕೀಲ ಬರಿಗಾಲಲ್ಲಿ ಓಡುವುದನ್ನು ಊರೆಲ್ಲ ನೋಡಿತು. ಅಣ್ಣ ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ. ತಮ್ಮ ಏದುಸಿರಿನಲ್ಲಿ ಹೇಳಿದ್ದನ್ನೆಲ್ಲ ಕೇಳಿದ ಮೇಲೂ ಹುಲ್ಲು ಹಾಕುತ್ತಲೇ ಇದ್ದ.

“ನೀನೇ ತಗೊಂಡೋಗು.”

“ಕಳಕೊಂಡೋನೇ ತರ್ಬೇಕಂತೆ ಅಣ್ಣಯ್ಯ.”

“ಅಲ್ಲಿಗೆ ಹೋದ್ಮೇಲೆ ಯಾರಾನ ನಗಾಡಿದ್ರೆ?”

ಒಳಗಿಂದ ಆಂಜಿನಮ್ಮ ಹಳೆಯ ಹಿತ್ತಾಳೆಯ ಕೊಳಗವನ್ನು ಸೆರಗಿನಲ್ಲಿ ಒರೆಸುತ್ತಾ ಬಂದಳು. ಹಿರಿಯ ಮಗನ ಮುಂದೆ ಅದನ್ನು ನೆಲದ ಮೇಲಿಟ್ಟು ಒಳಗೆ ಹೋದಳು. ಮುನಿರಾಮಪ್ಪ ಕೈಯಲ್ಲಿ ಉಳಿದಿದ್ದ ಹುಲ್ಲನ್ನು ಎತ್ತಿನ ಮುಂದೆ ಹಾಕಿ ಕೈ ಕೊಡವಿದ. ಆಮೇಲೆ ತಲೆಗೆ ಟವಲು ಸುತ್ತಿ, ಕೊಳಗವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಗಂಗುಲಪ್ಪ ಎದ್ದು ನಿಂತ. ಕೊಳಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಮೊದಲ ಅಳತೆಗೆ ‘ಒಂದು’ ಎನ್ನುವ ಬದಲು ‘ಲಾಭ’ ಎಂದು ಹೇಳಿ ಅಳೆಯಲು ತೊಡಗಿದ. ಯಾರೂ ನಗಲಿಲ್ಲ.

ಎಲ್ಲ ಕಣಗಳಲ್ಲೂ ಹೀಗೆಯೇ ಆಯಿತೆಂದರೆ ಸುಳ್ಳು. ಒಬ್ಬ ಜೊಳ್ಳನ್ನು ಬೆರೆಸಿದ್ದ. ಇನ್ನೊಬ್ಬ, ಸರ್ಕಾರದವರಿಗೆ ಕೊಟ್ಟು ಏನೂ ಉಳಿಯುವುದಿಲ್ಲವೆಂದು ರಾಶಿಯ ಮುಂದೆ ನಿಂತೇ ಕೈಯಾಡಿಸಿಬಿಟ್ಟ. ಆದರೆ ಗದ್ದೆಯೇ ಇಲ್ಲದ ನೀರಗಂಟಿ ಮುನಿಯಲ್ಲಪ್ಪ, ಊರವರು ತನಗೆ ಕೊಟ್ಟ ಪಾಲಿನಲ್ಲೇ ಒಂದು ಕೊಳಗ ಅಳೆಸಿದ. ಬೇಡವೆಂದರೂ ಕೇಳಲಿಲ್ಲ. ಕೆರೆ ಉಳಿದದ್ದರಿಂದ ತನ್ನ ಕೆಲಸವೂ ಉಳಿಯಿತಲ್ಲ ಎಂದ.

ಸಂಕ್ರಾಂತಿಯ ದಿನ ಎತ್ತುಗಳಿಗೆ ಮೈತೊಳೆದು ಬಂದ ಮೇಲೆ ಅಣ್ಣತಮ್ಮಂದಿರು ಕಣಜದ ಹತ್ತಿರ ಕೂತರು. ಗದ್ದೆ ಬೆಳೆದಿದ್ದರೆ ಬರುತ್ತಿದ್ದಷ್ಟು ಭತ್ತ ಅದರಲ್ಲಿ ಇರಲಿಲ್ಲ. ಹೊಸ ಬೆಳೆಯವರೆಗೆ, ರಾಗಿಯ ಜೊತೆಗೆ ಸೇರಿಸಿಕೊಂಡು, ಮನೆ ನಡೆಯುವಷ್ಟಿತ್ತು.

“ಈಗ ಹೇಳು. ನಿಜಾನಾ?” ಎಂದ ಮುನಿರಾಮಪ್ಪ.

ಕೋದಂಡರಾಮಪ್ಪ ಕಣಜದಿಂದ ಒಂದು ಹಿಡಿ ಭತ್ತ ತೆಗೆದು ನೋಡಿದ.

“ನಿಜ ಅಣ್ಣಯ್ಯ. ಪೂರ್ತಿ ಅಲ್ಲ. ಕೊಳಗ ತಗೊಂಡು ಹೋದ್ರೆ ನಿಜ.”

“ಹಂಗೇ ಬರಿ,” ಎಂದು ಮುನಿರಾಮಪ್ಪ ಕೊಳಗವನ್ನು ಭತ್ತದ ಮೇಲೆ ಬೋರಲಾಗಿ ಇಟ್ಟು, ಕಣಜದ ಬಾಯಿ ಮುಚ್ಚಿದ.